ಗಿರಿಯ ಕಾಡು, ಬಯಲಿನ ತೋಟ

ಬೀರೂರು, ಕಡೂರು ಸೀಮೆಯ ಬೆಳೆಗಾರರ ಮುಂದೆ ಕಾಡಿನ ವಿಚಾರ ಎತ್ತಿದರೆ, “ಕಾಡು ಗಿರಿಯ ಮೇಲಿದೆ, ನಮ್ಮ ತೋಟ ಬಯಲಿನಲ್ಲಿದೆ. ಅದಕ್ಕೂ ನಮಗೂ ಏನು ಸಂಬಂಧ?” ಎಂದು ಕೇಳುವವರುಂಟು. ತೋಟಕ್ಕೆ ಬರುವ ನೀರಿನ ದಾರಿಯನ್ನು ಹಿಡಿದು ಹೋದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಕಡೂರು ತಾಲ್ಲೂಕು ಮಳೆಯ ನೆರಳಿನ ಪ್ರದೇಶ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅದೊಂದನ್ನೇ ನಂಬಿ ಅಡಿಕೆ ಬೆಳೆಯಲಾಗದು. ನಮ್ಮ ಹಿರಿಯರು ತೋಟ ಕಟ್ಟಿದ್ದು ಗಿರಿಯಿಂದ ಇಳಿದು ಬರುವ ನೀರನ್ನು ನಂಬಿ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಮಗ್ಗುಲಿನಲ್ಲಿ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ವೇದಾ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ನೀರು ತರುತ್ತದೆ. ಆವತಿ ಮದಗದ ಕೆರೆಗೆ ತರುತ್ತದೆ. ಕಡೂರಿನ ಬಳಿ ಇವೆರಡೂ ಕೂಡಿ ವೇದಾವತಿಯಾಗಿ, ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರದ ಕಡೆಗೆ ಹರಿಯುತ್ತವೆ.

ಮಳೆ ಸುರಿಯುವುದು ಕೆಲವೇ ತಿಂಗಳು; ಹಳ್ಳ ಹರಿಯಬೇಕಾದುದು ಅದಕ್ಕಿಂತ ಹೆಚ್ಚು ಕಾಲ. ಈ ಎರಡರ ನಡುವಿನ ಕಣಜವೇ ಕಾಡು. ಮರದ ಎಲೆಗಳು ಹನಿಯ ಪೆಟ್ಟನ್ನು ತಡೆಯುತ್ತವೆ. ನೆಲದ ಮೇಲಿನ ತರಗೆಲೆ ನೀರನ್ನು ಹೀರಿಕೊಳ್ಳುತ್ತದೆ. ಬೇರುಗಳು ಬಿಡಿಸಿದ ಸಂದುಗಳಲ್ಲಿ ನೀರು ಮೆಲ್ಲನೆ ಇಂಗಿ, ಕೆಳಗೆ ಒರತೆಯಾಗಿ ಹೊರಬರುತ್ತದೆ. ಗಿರಿಯ ನೆತ್ತಿಯ ಹುಲ್ಲುಗಾವಲು ಮತ್ತು ಕಣಿವೆಗಳ ಶೋಲಾ ಕಾಡು ಎರಡೂ ಈ ಕೆಲಸ ಮಾಡುತ್ತವೆ. ನೆಲ ಬೋಳಾದರೆ ಅದೇ ಮಳೆ ಒಂದೇ ದಿನದಲ್ಲಿ ಓಡಿಹೋಗುತ್ತದೆ; ಹೋಗುವಾಗ ಮೇಲ್ಮಣ್ಣನ್ನೂ ಒಯ್ದು ಕೆರೆಗೆ ಹೂಳು ತುಂಬುತ್ತದೆ. ಹಳ್ಳ ಬೇಗ ಬತ್ತುತ್ತದೆ, ಕೆರೆಯ ಆಳವೂ ಕಡಿಮೆಯಾಗುತ್ತದೆ. ಆಗ ಬೆಳೆಗಾರ ಸಾಲ ಮಾಡಿ ಕೊಳವೆಬಾವಿ ಕೊರೆಸುತ್ತಾನೆ. ಆದರೆ ಕೊಳವೆಬಾವಿ ನೀರನ್ನು ಎತ್ತಬಲ್ಲದೇ ಹೊರತು ಹುಟ್ಟಿಸಲಾರದು.

ಕಾಡಿನ ರಕ್ಷಣೆ ಸರ್ಕಾರದ ಕೆಲಸವೆಂದು ಕೈಕಟ್ಟಿ ಕೂರುವಂತಿಲ್ಲ. ಗಿರಿಯ ಪಶ್ಚಿಮದ ಕಾಡು 1974ರಲ್ಲಿ ಭದ್ರಾ ವನ್ಯಜೀವಿ ಧಾಮವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿನಲ್ಲಿ ಅಲ್ಲಿನ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಗದ್ದೆಗಳನ್ನು ಬಿಟ್ಟು ಹೊರಬಂದವು. ಇವರಲ್ಲಿ ಹೆಚ್ಚಿನವರು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಹೊಸ ಬಾಳು ಕಟ್ಟಿಕೊಂಡರು. ಕಾಡು ಉಳಿಯಲೆಂದು ಅವರು ಹುಟ್ಟಿದ ಊರನ್ನೇ ಬಿಟ್ಟಿರುವಾಗ, ನಮ್ಮಿಂದ ಆಗಬೇಕಾದುದು ಅಲ್ಪವೇ ಸರಿ.

ಬೆಳೆಗಾರರು ಮಾಡಬಹುದಾದ ಕೆಲಸಗಳು ಇವು:

1. ಹೊಸ ಹುಲ್ಲು ಚಿಗುರಲೆಂದು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುವುದನ್ನು ನಿಲ್ಲಿಸಬೇಕು. ಬೆಂಕಿ ಎಳೆಯ ಸಸಿಗಳನ್ನೂ ತರಗೆಲೆಯನ್ನೂ ಸುಟ್ಟು ನೆಲವನ್ನು ಬೋಳುಮಾಡುತ್ತದೆ. ಕಾಡಿನ ಅಂಚಿನ ತೋಟದವರು ಬೇಸಿಗೆಗೆ ಮುಂಚೆಯೇ ತಮ್ಮ ಗಡಿಯ ಒಣಹುಲ್ಲು ಸವರಬೇಕು. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

2. ಅಡಿಕೆ ಬೇಯಿಸುವ ಒಲೆಗೆ ಕಾಡಿನ ಸೌದೆ ತರುವ ಬದಲು ತೋಟದ ತೆಂಗಿನ ಮಟ್ಟೆ, ಸೋಗೆ, ಒಣಗಿದ ಅಡಿಕೆ ಸಿಪ್ಪೆಗಳನ್ನು ಬಳಸಬೇಕು. ಗಾಳಿ ಚೆನ್ನಾಗಿ ಆಡುವ ಒಲೆ ಕಟ್ಟಿಸಿದರೆ ಸೌದೆ ಉಳಿಯುತ್ತದೆ.

3. ಹಸಿರೆಲೆ ಗೊಬ್ಬರಕ್ಕೆ ಕಾಡಿನ ಸೊಪ್ಪು ಕಡಿಯಬಾರದು. ಬೇಲಿಯ ಸಾಲಿನಲ್ಲಿ ಹೊಂಗೆ, ಗ್ಲಿರಿಸಿಡಿಯಾ ಬೆಳೆಸಿಕೊಂಡರೆ ಸೊಪ್ಪು ಮನೆಬಾಗಿಲಲ್ಲೇ ಸಿಗುತ್ತದೆ.

4. ಇಳಿಜಾರಿನ ಕಾಫಿ ಬೆಳೆಗಾರರು ನೆರಳಿಗೆ ಬರೀ ಸಿಲ್ವರ್ ಓಕ್ ನೆಚ್ಚದೆ ಅತ್ತಿ, ಬಸರಿ, ಹಲಸು, ನಂದಿ ಮುಂತಾದ ನಾಡಮರಗಳನ್ನು ಉಳಿಸಿಕೊಳ್ಳಬೇಕು. ಹಳ್ಳದ ದಂಡೆಯ ಮರಗಳನ್ನಂತೂ ಮುಟ್ಟಲೇಬಾರದು.

5. ಜನರೂ ಇಲಾಖೆಯೂ ಕೂಡಿ ಕಾಡು ಬೆಳೆಸುವ ವ್ಯವಸ್ಥೆಗೆ ರಾಜ್ಯ ಸರ್ಕಾರ 1993ರಲ್ಲಿ ಆದೇಶ ಹೊರಡಿಸಿತು. ಊರಿನಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಸದಸ್ಯರು ಅದರಲ್ಲಿ ಸೇರಿ ದುಡಿಯಬೇಕು.

ಅಡಿಕೆ ಸಸಿ ನೆಟ್ಟವನು ಫಲಕ್ಕಾಗಿ ಐದಾರು ವರ್ಷ ಕಾಯುತ್ತಾನೆ. ಅಷ್ಟು ತಾಳ್ಮೆ ನಮಗೆ ಹೊಸದಲ್ಲ. ಅದೇ ತಾಳ್ಮೆಯನ್ನು ಕಾಡಿನ ವಿಷಯದಲ್ಲಿಯೂ ತೋರಿದರೆ, ನಾವು ನೆಟ್ಟ ತೋಟಕ್ಕೆ ನಮ್ಮ ಮಕ್ಕಳ ಕಾಲದಲ್ಲಿಯೂ ನೀರಿರುತ್ತದೆ.