ಪಾದ ಜೋತುಬಿದ್ದರೆ ಎದೆಗುಂದಬೇಡಿ



ಸೊಂಟದ ಕೀಲಿನ ಆಪರೇಷನ್ ಆದ ಕೆಲವರಿಗೆ ಗಾಯ ಮಾಗಿದರೂ ಪಾದ ಮೇಲೆತ್ತಲು ಬರುವುದಿಲ್ಲ. ನಡೆಯುವಾಗ ಬೆರಳು ನೆಲಕ್ಕೆ ತಾಗಿ ಎಡವುತ್ತಾರೆ. ಗದ್ದೆಯ ಬದುವಿನ ಮೇಲೆ ದಿನ ಕಳೆಯುವ ಕಾಣಕೋಣದ ನಮ್ಮ ಜನರಿಗೆ ಇದು ದೊಡ್ಡ ಚಿಂತೆ. ಆದರೆ 'ಬೇಸಾಯ ಮುಗಿಯಿತು' ಎಂದು ಗದ್ದೆಯನ್ನು ಗೇಣಿಗೆ ಕೊಡುವ ಅವಸರ ಬೇಡ.

ಕಾಲಿಗೆ ಹೋಗುವ ದೊಡ್ಡ ನರ ಸೊಂಟದ ಕೀಲಿನ ಹಿಂದೆಯೇ ಹಾದುಹೋಗುತ್ತದೆ. ಆಪರೇಷನ್ನಿನಲ್ಲಿ ಅದು ಜಗ್ಗಿದರೆ ಪಾದ ಎತ್ತುವ ಎಳೆಗಳಿಗೇ ಹೆಚ್ಚಾಗಿ ಪೆಟ್ಟು. ಪೆಟ್ಟು ಹಗುರವಾಗಿದ್ದರೆ ಕೆಲವು ವಾರಗಳಲ್ಲಿ ಗುಣ ಕಾಣಬಹುದು. ಎಳೆ ಕಡಿದಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ, ತಿಂಗಳಿಗೆ ಒಂದಿಂಚು ಮಾತ್ರ ಬೆಳೆಯುತ್ತದೆ. ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಬರಲು ಒಂದೂವರೆ ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ತೆಂಗಿನ ಸಸಿಯನ್ನು ಎಳೆದು ಬೆಳೆಸಲಾಗದು.

ಅಲ್ಲಿಯವರೆಗೆ ಪಾದವನ್ನು ಕಾಯಬೇಕು:

1. ದಿನವೂ ಟವೆಲಿನಿಂದ ಪಾದವನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಇಲ್ಲವಾದರೆ ಹಿಮ್ಮಡಿಯ ಸ್ನಾಯುರಜ್ಜು ಬಿಗಿಯುತ್ತದೆ.

2. ಪಾದ ಎತ್ತಿಹಿಡಿಯುವ ಪಟ್ಟಿಯನ್ನು ಬೂಟಿನೊಳಗೆ ಹಾಕಿ ನಡೆಯಿರಿ.

3. ಜೋಮು ಹಿಡಿದ ಪಾದಕ್ಕೆ ಬಿಸಿ ಶಾಖ ಬೇಡವೇ ಬೇಡ, ಸುಟ್ಟರೂ ತಿಳಿಯದು. ಬರಿಗಾಲಲ್ಲಿ ಗದ್ದೆಗೆ ಇಳಿಯಬೇಡಿ. ಸಂಜೆ ಅಂಗಾಲು ನೋಡಿಕೊಳ್ಳಿ.

4. ಮಡಗಾಂವ್ ಅಥವಾ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿತು, ನರದ ಪರೀಕ್ಷೆಯ ಬಗ್ಗೆ ಕೇಳಿ.

ಎಲ್ಲರಿಗೂ ಪೂರ್ತಿ ಗುಣವಾಗದು. ಆದರೂ ದಾರಿ ಮುಚ್ಚಿಲ್ಲ. ವೆಲ್ಲೂರಿನಲ್ಲಿ ಡಾ. ಪೌಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳಲ್ಲಿ ಬಲವಿರುವ ಸ್ನಾಯುವಿನ ತುದಿಯನ್ನು ಬೇರೆಡೆಗೆ ಜೋಡಿಸಿ ಕೆಲಸಕ್ಕೆ ಮರಳಿಸಿದರು. ಅಂಥ ಆಪರೇಷನ್ ಇಂದಿಗೂ ಜೋತುಬಿದ್ದ ಪಾದಕ್ಕೆ ಉಂಟು. ಮನೆಯವರೇ, ರೋಗಿಯನ್ನು ಕುಂಟ ಎನ್ನದೆ ಜೊತೆಗೆ ನಡೆಯಿರಿ.