ಕರ್ಣಶಂಖವೂ ಕಾಕ್ಲಿಯರ್ ಇಂಪ್ಲಾಂಟೂ

ಶಬ್ದವು ಕಿವಿಗೆ ಬಿದ್ದ ಮಾತ್ರಕ್ಕೆ ಕೇಳಿದಂತಾಗುವುದಿಲ್ಲ. ಗಾಳಿಯ ಅಲೆಯು ಕಿವಿಯ ತಮಟೆಯನ್ನು ನಡುಗಿಸಬೇಕು. ಆ ನಡುಕವು ನಡುಗಿವಿಯ ಮೂರು ಸಣ್ಣ ಎಲುಬುಗಳ ದ್ವಾರಾ ಒಳಗಿವಿಯನ್ನು ಮುಟ್ಟಬೇಕು. ಅಲ್ಲಿ ಅದು ವಿದ್ಯುತ್ಸಂಕೇತವಾಗಿ ಮಾರ್ಪಟ್ಟು ಶ್ರವಣನರದ ಮೂಲಕ ಮಿದುಳನ್ನು ಸೇರಬೇಕು. ಈ ಮಾರ್ಗದಲ್ಲಿ ಎಲ್ಲಿ ತಡೆಯುಂಟಾದರೂ ಕಿವುಡು ಸಂಭವಿಸುವುದು. ಚಿಕಿತ್ಸೆಯಾದರೋ ಆ ತಡೆಯು ಎಲ್ಲಿದೆಯೆಂಬುದನ್ನು ಅವಲಂಬಿಸಿರುತ್ತದೆ. ತಮಟೆಯ ತೂತು, ಕಿವಿ ಸೋರುವಿಕೆ ಮುಂತಾದುವು ಔಷಧದಿಂದಲೋ ಶಸ್ತ್ರಕ್ರಿಯೆಯಿಂದಲೋ ಬಹುಮಟ್ಟಿಗೆ ಸರಿಹೋಗುತ್ತವೆ. ಒಳಗಿವಿಯೇ ಕೆಟ್ಟಲ್ಲಿ ಬಹುಕಾಲದವರೆಗೆ ಯಾವ ಉಪಾಯವೂ ಇರಲಿಲ್ಲ. ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದ ಸಾಧನವೇ ಕಾಕ್ಲಿಯರ್ ಇಂಪ್ಲಾಂಟ್.

ಒಳಗಿವಿಯ ಶ್ರವಣಭಾಗಕ್ಕೆ ಕಾಕ್ಲಿಯ ಎಂದು ಹೆಸರು. ಇದನ್ನು ಕನ್ನಡದಲ್ಲಿ ಕರ್ಣಶಂಖವೆನ್ನಬಹುದು. ಭಟ್ಕಳ, ಹೊನ್ನಾವರ, ಕುಮಟಾ ತೀರಗಳಲ್ಲಿ ಮಕ್ಕಳು ಆರಿಸುವ ಸಣ್ಣ ಶಂಖದಂತೆಯೇ ಇದೂ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿದೆ. ಬಿಡಿಸಿ ಅಳೆದರೆ ಇದರ ಉದ್ದವು ಸುಮಾರು ೩೫ ಮಿಲಿಮೀಟರು. ದ್ರವದಿಂದ ತುಂಬಿದ ಈ ಸುರುಳಿಯೊಳಗೆ ಹದಿನೈದು ಸಾವಿರದಷ್ಟು ಸೂಕ್ಷ್ಮ ರೋಮಕೋಶಗಳಿವೆ. ತಾರಸ್ವರಗಳು ಸುರುಳಿಯ ಬುಡದಲ್ಲಿಯೂ ಮಂದ್ರಸ್ವರಗಳು ತುದಿಯಲ್ಲಿಯೂ ಹೆಚ್ಚಿನ ಚಲನೆಯನ್ನುಂಟುಮಾಡುತ್ತವೆ. ಒಳಗಿವಿಯಲ್ಲಿ ಅಲೆಯು ಸಾಗುವ ಈ ಕ್ರಮವನ್ನು ವಿಶದಪಡಿಸಿದ ಗೆಯೊರ್ಗ್ ಫಾನ್ ಬೆಕೆಷಿಯವರಿಗೆ ೧೯೬೧ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ವೀಣೆಯ ಮೆಟ್ಟಿಲುಗಳಂತೆ ಪ್ರತಿಯೊಂದು ಸ್ವರಕ್ಕೂ ಅದರದೇ ಸ್ಥಾನವುಂಟೆಂಬ ಈ ತತ್ತ್ವವೇ ಮುಂದಿನ ಯಂತ್ರಕ್ಕೆ ತಳಹದಿ.

ಮನುಷ್ಯರಲ್ಲಿ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟುವುದಿಲ್ಲ. ಮಿದುಳುಪೊರೆಯ ಜ್ವರ, ಗರ್ಭಿಣಿಗೆ ತಗಲಿದ ರುಬೆಲ್ಲಾ, ಕೆಲವು ತೀಕ್ಷ್ಣ ಔಷಧಗಳು, ವಂಶಾನುಗತ ದೋಷ ಮುಂತಾದುವು ಈ ಹಾನಿಗೆ ಕಾರಣಗಳು. ತಾಯಿತಂದೆಗಳಿಬ್ಬರೂ ಚೆನ್ನಾಗಿ ಕೇಳಬಲ್ಲವರಾಗಿದ್ದು, ಇಬ್ಬರಲ್ಲಿಯೂ ಒಂದೇ ಗುಪ್ತದೋಷವಿದ್ದರೆ ಮಗುವು ಕಿವುಡಾಗಿ ಹುಟ್ಟುವ ಸಂಭವವುಂಟು. ಸೋದರಿಕೆಯ ವಿವಾಹಗಳಲ್ಲಿ ಈ ಸಂಭವವು ಹೆಚ್ಚುವುದು. ಇದು ಯಾರ ಪಾಪದ ಫಲವೂ ಅಲ್ಲ; ತಾಯಿಯನ್ನು ದೂಷಿಸುವುದಕ್ಕೆ ಇದರಲ್ಲಿ ಏನೊಂದು ಆಧಾರವೂ ಇಲ್ಲ.

ಸಾಮಾನ್ಯ ಶ್ರವಣಯಂತ್ರವು ಶಬ್ದವನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ಅದನ್ನು ಸ್ವೀಕರಿಸಲು ರೋಮಕೋಶಗಳು ಸಾಕಷ್ಟು ಉಳಿದಿರಬೇಕು. ಅವು ಅಳಿದುಹೋದಲ್ಲಿ ಎಷ್ಟು ದೊಡ್ಡದು ಮಾಡಿದರೂ ವ್ಯರ್ಥ. ಆದರೆ ರೋಮಕೋಶಗಳು ನಾಶವಾದ ಕಿವಿಯಲ್ಲಿಯೂ ಶ್ರವಣನರವು ಅನೇಕವೇಳೆ ಜೀವಂತವಾಗಿರುತ್ತದೆ. ಆ ನರವನ್ನು ನೇರವಾಗಿ ವಿದ್ಯುತ್ತಿನಿಂದ ಎಚ್ಚರಿಸಿದರೆ ಹೇಗೆ?

ಈ ಪ್ರಶ್ನೆಯು ಹಳೆಯದು. ವಿದ್ಯುತ್ಕೋಶವನ್ನು ನಿರ್ಮಿಸಿದ ವೋಲ್ಟಾ ಎಂಬ ಇಟಲಿಯ ವಿಜ್ಞಾನಿಯು ತನ್ನ ಎರಡು ಕಿವಿಗಳಲ್ಲಿಯೂ ಲೋಹದ ಕಡ್ಡಿಗಳನ್ನಿಟ್ಟು ವಿದ್ಯುತ್ತನ್ನು ಹರಿಸಿಕೊಂಡನು. ತಲೆಯೊಳಗೆ ಆಘಾತವಾಗಿ, ಗಟ್ಟಿಯಾದ ದ್ರವವು ಕೊತಕೊತ ಕುದಿದಂತಹ ಸದ್ದು ಕೇಳಿತೆಂದು ೧೮೦೦ರಲ್ಲಿ ವರದಿಮಾಡಿದನು. ೧೯೫೭ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಎಯ್ರಿಯೆಸ್ ಎಂಬುವರು ಪೂರ್ಣ ಕಿವುಡನೊಬ್ಬನ ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಅವನಿಗೆ ಶಬ್ದದ ಲಯವು ತಿಳಿಯಿತು, ಮಾತು ತಿಳಿಯಲಿಲ್ಲ. ೧೯೬೧ರಲ್ಲಿ ಅಮೆರಿಕದ ವಿಲಿಯಂ ಹೌಸ್ ಈ ಕಾರ್ಯವನ್ನು ಕೈಗೊಂಡರು. ಒಂದೇ ತಂತಿಯಿಂದ ಮಾತಿನ ಸೂಕ್ಷ್ಮಭೇದಗಳನ್ನು ತಿಳಿಸಲಾಗದೆಂಬುದು ಕ್ರಮೇಣ ಸ್ಪಷ್ಟವಾಯಿತು. ಹಲವು ವಿದ್ಯುದ್ವಾರಗಳುಳ್ಳ ಯಂತ್ರವನ್ನು ವಿಯೆನ್ನಾದಲ್ಲಿ ಹೋಖ್‌ಮೈರ್ ದಂಪತಿಗಳು ೧೯೭೭ರಲ್ಲಿಯೂ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕ್ ೧೯೭೮ರಲ್ಲಿಯೂ ಸಿದ್ಧಿಗೆ ತಂದರು. ಸುರುಳಿಯೊಳಗೆ ತಂತಿಯನ್ನು ಗಾಯವಾಗದಂತೆ ತೂರಿಸುವ ಬಗೆ ಕ್ಲಾರ್ಕರಿಗೆ ಹೊಳೆದುದು ಕಡಲತೀರದಲ್ಲಿ. ಅಲ್ಲಿ ಸಿಕ್ಕಿದ ಶಂಖದೊಳಕ್ಕೆ ಹುಲ್ಲಿನ ಎಸಳನ್ನು ತಳ್ಳಿ ನೋಡಿ, ಬುಡವು ಬಿರುಸಾಗಿ ತುದಿಯು ಬಳುಕುವಂತಿದ್ದರೆ ಅದು ಒಳಗೆ ದೂರ ಸಾಗುವುದೆಂದು ಅವರು ಕಂಡುಕೊಂಡರು.

ಯಂತ್ರಕ್ಕೆ ಎರಡು ಭಾಗಗಳಿವೆ. ಕಿವಿಯ ಹಿಂದೆ ಧರಿಸುವ ಹೊರಭಾಗದಲ್ಲಿ ಮೈಕ್ರೊಫೋನು, ಶಬ್ದವನ್ನು ಸ್ವರಸ್ಥಾನಗಳಿಗನುಸಾರವಾಗಿ ವಿಂಗಡಿಸುವ ಪ್ರೊಸೆಸರು, ಮತ್ತು ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಸುರುಳಿ ಇರುತ್ತವೆ. ಒಳಭಾಗವನ್ನು ಶಸ್ತ್ರಕ್ರಿಯೆಯಿಂದ ಚರ್ಮದಡಿಯಲ್ಲಿ ಕೂಡಿಸಿ, ಅದರ ತೆಳುವಾದ ತಂತಿಯನ್ನು ಕರ್ಣಶಂಖದೊಳಕ್ಕೆ ಇಳಿಸುತ್ತಾರೆ. ಈ ತಂತಿಯ ಮೇಲೆ ಸಾಮಾನ್ಯವಾಗಿ ೧೨ರಿಂದ ೨೨ ವಿದ್ಯುದ್ವಾರಗಳಿರುತ್ತವೆ. ಗಾಯ ಮಾಗಿದ ಕೆಲವು ವಾರಗಳ ಬಳಿಕ ಯಂತ್ರವನ್ನು ಚಾಲೂಮಾಡಿ, ಪ್ರತಿಯೊಂದು ವಿದ್ಯುದ್ವಾರಕ್ಕೂ ತಕ್ಕ ಪ್ರಮಾಣವನ್ನು ಗೊತ್ತುಪಡಿಸುತ್ತಾರೆ. ಈ ಹೊಂದಾಣಿಕೆಯನ್ನು ಮುಂದೆಯೂ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಸಾವಿರಾರು ರೋಮಕೋಶಗಳ ಕೆಲಸವನ್ನು ಇಪ್ಪತ್ತೆರಡು ಬಿಂದುಗಳು ಮಾಡಬೇಕಾಗಿರುವುದರಿಂದ ಕೇಳುವ ಶಬ್ದವು ಸ್ಥೂಲವಾಗಿರುವುದು ಸಹಜ. ಕನ್ನಡದ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ‘ಹಳೆ’, ‘ಹಾಳೆ’ ಎಂಬ ಮಾತುಗಳ ಭೇದವು ಕಾಲಪ್ರಮಾಣದಲ್ಲಿದೆ. ಕಾಲಭೇದವನ್ನು ಯಂತ್ರವು ಚೆನ್ನಾಗಿ ತಿಳಿಸಬಲ್ಲದು. ‘ಬಲೆ’, ‘ಬಳೆ’ ಎಂಬುವುಗಳ ಭೇದವು ನಾಲಗೆಯು ತಾಗುವ ಸ್ಥಾನದಲ್ಲಿದೆ. ಇಂತಹ ಸ್ಥಾನಭೇದಗಳನ್ನು ಗುರುತಿಸಲು ಹೆಚ್ಚಿನ ಅಭ್ಯಾಸ ಬೇಕು. ಸಂಗೀತದ ಶ್ರುತಿಭೇದವು ಇನ್ನೂ ಕಷ್ಟ. ಕಣ್ಣಿಗೆ ಕನ್ನಡಕದಂತೆ ಧರಿಸಿದೊಡನೆ ಫಲ ಕೊಡುವ ವಸ್ತು ಇದಲ್ಲ. ಹೊಸ ಸಂಕೇತಗಳ ಅರ್ಥವನ್ನು ಮಿದುಳು ಕಲಿಯಬೇಕು.

ಕಲಿಯುವ ಶಕ್ತಿಗೆ ವಯೋಮಿತಿಯುಂಟು. ಹುಟ್ಟುಗಿವುಡಾದ ಮಗುವಿನ ಮಿದುಳಿನ ಶ್ರವಣಭಾಗವು ಶಬ್ದವಿಲ್ಲದೆ ವರ್ಷಗಳು ಕಳೆದಂತೆ ಬೇರೆ ಕೆಲಸಗಳಿಗೆ ತಿರುಗಿಬಿಡುತ್ತದೆ. ಆದುದರಿಂದ ಒಂದೆರಡು ವರ್ಷದೊಳಗೆ ಯಂತ್ರವು ದೊರೆತರೆ ಮಾತು ಬರುವ ಸಂಭವವು ಅತ್ಯಧಿಕ. ಹತ್ತು ವರ್ಷದ ಹುಟ್ಟುಗಿವುಡಿಗೆ ದೊರೆತರೆ ಲಾಭವು ಅಲ್ಪ. ಮಾತು ಕಲಿತ ತರುವಾಯ ಕಿವುಡಾದ ಪ್ರೌಢರಿಗಾದರೋ ಇದು ಬಹಳ ಉಪಕಾರಿ. ಮಿದುಳುಪೊರೆಯ ಜ್ವರದಿಂದ ಕಿವುಡಾದವರಲ್ಲಿ ಕರ್ಣಶಂಖದೊಳಗೆ ಎಲುಬು ಬೆಳೆದು ದಾರಿ ಮುಚ್ಚುವುದುಂಟಾದ್ದರಿಂದ ಅಲ್ಲಿ ತಿಂಗಳ ವಿಳಂಬವೂ ಹಾನಿಕರ. ಶಿಶುವು ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬ ನಿಯಮವನ್ನು ತಜ್ಞರು ಹೇಳುತ್ತಾರೆ. ನಿದ್ರಿಸುತ್ತಿರುವ ಶಿಶುವಿನ ಮೇಲೆಯೇ ನಡೆಸಬಹುದಾದ, ನೋವಿಲ್ಲದ ಪರೀಕ್ಷೆಗಳಿವೆ. ‘ಅವನಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂಬ ಸಮಾಧಾನದಲ್ಲಿ ಕಳೆದುಹೋಗುವ ಕಾಲವು ಮರಳಿ ಬಾರದು.

ಈ ವಿಷಯದಲ್ಲಿ ಕರ್ಣಾಟಕವು ಅದೃಷ್ಟಶಾಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೫ರಲ್ಲಿ ಮೈಸೂರಿನಲ್ಲಿಯೇ ಸ್ಥಾಪಿತವಾಯಿತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಗಿವುಡೂ ಪರೀಕ್ಷಿಸಬೇಕಾದ ದೋಷಗಳಲ್ಲಿ ಒಂದು. ಲಕ್ಷಗಟ್ಟಲೆ ರೂಪಾಯಿ ಬೆಲೆಯ ಈ ಯಂತ್ರವನ್ನು ಬಡಮಕ್ಕಳಿಗೆ ಕೊಡುವ ವ್ಯವಸ್ಥೆಯು ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯಲ್ಲಿ ೨೦೧೪ರಲ್ಲಿ ಸೇರಿತು. ಆಗ ಗೊತ್ತಾದ ಗರಿಷ್ಠ ನೆರವು ೬ ಲಕ್ಷ ರೂಪಾಯಿ.

ಆದರೂ ಉತ್ತರ ಕನ್ನಡದ ಈ ಮೂರು ತಾಲ್ಲೂಕುಗಳಿಗೆ ದೂರವೇ ದೊಡ್ಡ ತೊಡಕು. ಸುಸಜ್ಜಿತ ಆಸ್ಪತ್ರೆಯೊಂದು ಜಿಲ್ಲೆಗೆ ಬೇಕೆಂದು ಇಲ್ಲಿಯ ಜನರು ೨೦೧೯ರಲ್ಲಿಯೇ ದೊಡ್ಡದಾಗಿ ಕೂಗೆಬ್ಬಿಸಿದರು. ಕಿವಿಯ ಸೂಕ್ಷ್ಮಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳ ಕಡೆಗೆ ಹೋಗುವುದು ವಾಡಿಕೆ. ಶಸ್ತ್ರಕ್ರಿಯೆಗೆ ಒಮ್ಮೆ ಹೋಗಿಬಂದರೆ ಸಾಲದು. ಯಂತ್ರದ ಹೊಂದಾಣಿಕೆಗೂ ಮಾತಿನ ಶಿಕ್ಷಣಕ್ಕೂ ವರ್ಷಗಟ್ಟಲೆ ಅಲೆಯಬೇಕು. ದಿನಗೂಲಿಯನ್ನೋ ದೋಣಿಯ ಕೆಲಸವನ್ನೋ ನಂಬಿದ ಮನೆಗೆ ಒಂದೊಂದು ಪ್ರಯಾಣವೂ ಒಂದು ದಿನದ ಅನ್ನ. ಈ ಅಲೆದಾಟದಿಂದ ಬೇಸತ್ತು ಶಿಕ್ಷಣವನ್ನು ನಡುವೆ ಬಿಟ್ಟಲ್ಲಿ ಯಂತ್ರವಿದ್ದೂ ಮಾತು ಬರುವುದಿಲ್ಲ.

ಹವೆಯೂ ಲಕ್ಷ್ಯಕ್ಕೆ ತೆಗೆದುಕೊಳ್ಳತಕ್ಕದ್ದು. ಕರಾವಳಿಯ ಬೆವರು, ಉಪ್ಪುಗಾಳಿ, ಮಳೆಗಾಲದ ತೇವ ಇವೆಲ್ಲವೂ ಹೊರಯಂತ್ರಕ್ಕೆ ಶತ್ರುಗಳು. ರಾತ್ರಿ ಅದನ್ನು ತೇವ ಹೀರುವ ಡಬ್ಬಿಯಲ್ಲಿಡುವುದೂ, ಜಲನಿರೋಧಕ ಹೊದಿಕೆಯಿಲ್ಲದೆ ಧರಿಸಿ ನೀರಿಗಿಳಿಯದಿರುವುದೂ ಅವಶ್ಯ. ತಂತಿ, ಬ್ಯಾಟರಿ ಮೊದಲಾದುವನ್ನು ಕಾಲಕಾಲಕ್ಕೆ ಬದಲಿಸಬೇಕಾಗುವುದು. ಈ ವೆಚ್ಚವನ್ನು ಆರಂಭದಲ್ಲಿಯೇ ಎಣಿಸಿಕೊಳ್ಳುವುದು ಒಳಿತು.

ಕನ್ನಡ, ಕೊಂಕಣಿ, ನವಾಯತಿ, ಉರ್ದು ಒಂದೇ ಪೇಟೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಮಗುವಿಗೆ ಯಾವ ಭಾಷೆಯನ್ನು ಕಲಿಸಬೇಕೆಂಬ ಶಂಕೆಯೂ ಏಳುವುದು. ತಾಯಿಯ ಬಾಯಲ್ಲಿ ಸಹಜವಾಗಿ ಬರುವ ಭಾಷೆಯೇ ಮೊದಲನೆಯದಾಗಿರಬೇಕು. ಅದರಲ್ಲಿ ದಿನವಿಡೀ ಮಾತನಾಡುವವರಿದ್ದರೆ, ಶಾಲೆಯ ಭಾಷೆಯನ್ನು ಮಗುವು ಮುಂದೆ ಅದರ ಮೇಲೆ ಕಟ್ಟಿಕೊಳ್ಳಬಲ್ಲದು.

ಯಂತ್ರವು ಕಿವುಡನ್ನು ಕಳೆಯುವುದಿಲ್ಲವೆಂಬುದನ್ನು ಮರೆಯಲಾಗದು. ಅದನ್ನು ತೆಗೆದಿಟ್ಟಾಗ ಮಗುವು ಕಿವುಡೇ. ಶ್ರವಣನರವೇ ಇಲ್ಲದವರಿಗೆ ಇದು ನಿರುಪಯುಕ್ತ. ಸಂಜ್ಞಾಭಾಷೆಯಲ್ಲಿ ಪೂರ್ಣಜೀವನ ನಡೆಸುವ ಕಿವುಡರ ಸಮಾಜವುಂಟು. ಅವರ ಭಾಷೆಗೂ ವ್ಯಾಕರಣವುಂಟು, ಗೌರವವುಂಟು. ಕೇಳುವ ಮಾತಾಗಲಿ, ಕಾಣುವ ಸಂಜ್ಞೆಯಾಗಲಿ, ಮಗುವಿಗೆ ಎಳವೆಯಲ್ಲಿಯೇ ಒಂದು ಭಾಷೆಯು ದೊರೆಯಲೇಬೇಕು. ಯಾವ ಭಾಷೆಯೂ ಇಲ್ಲದೆ ಬಾಲ್ಯವು ಕಳೆದುಹೋಗುವುದೇ ಕಿವುಡಿಗಿಂತ ದೊಡ್ಡ ನಷ್ಟ. ಪ್ರತಿಯೊಂದು ಹೆರಿಗೆಮನೆಯಲ್ಲಿಯೂ ಶಿಶುವಿನ ಶ್ರವಣಪರೀಕ್ಷೆಯು ನಡೆದು, ತಾಲ್ಲೂಕಿಗೊಬ್ಬ ವಾಕ್‌ಶಿಕ್ಷಕನು ದೊರೆತರೆ ಈ ನಷ್ಟವು ಬಹುಮಟ್ಟಿಗೆ ತಪ್ಪುವುದು.