ಬಿಸಿಲ ಸೀಮೆಯ ತಣ್ಣನೆ ಬೆರಳು

ಕಂಪ್ಯೂಟರ್ ಮುಂದೆ ಕೂತಾಗ ಕೈ ಬೆಚ್ಚಗಿಟ್ಟುಕೊಳ್ಳುವುದು ಹೇಗೆ ಅಂತ ಚಿಗಟೇರಿ ಕಡೆಯವರ ಮುಂದೆ ಮಾತು ತೆಗೆದರೆ ಮೊದಲು ನಗುತ್ತಾರೆ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿಯ ಹತ್ತಿರ ಸುಳಿಯುವ ಸೀಮೆ ಇದು. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಐದೂ ತಾಲ್ಲೂಕುಗಳ ಜನ ವರ್ಷದ ಬಹುಪಾಲು ನೆರಳು ಹುಡುಕಿಕೊಂಡು ಓಡಾಡುವವರೇ. ಆದರೂ ಮಾಗಿಯ ಬೆಳಗಿನ ಜಾವ ಪಾದರಸ ಹದಿನೈದು ಹದಿನಾರರ ಆಸುಪಾಸಿಗೆ ಇಳಿಯುತ್ತದೆ. ಬಿಸಿಲಿಗೆ ಒಗ್ಗಿದ ಮೈಗೆ ಅಷ್ಟೇ ಸಾಕು, ಹಲ್ಲು ಕಟಕಟ ಎನ್ನುತ್ತದೆ.

ಆ ಹೊತ್ತಿನಲ್ಲಿ ಯಾವುದಾದರೂ ಹಳ್ಳಿಯ ರೇಷನ್ ಅಂಗಡಿ ಮುಂದೆ ನಿಂತು ನೋಡಿ. ಸಾಲು ಬೆಳೆದಿರುತ್ತದೆ. ಕಿವಿಗೆ ಟವೆಲ್ ಸುತ್ತಿಕೊಂಡ ಹುಡುಗ ಯಂತ್ರ ಹಿಡಿದು ಕೂತಿರುತ್ತಾನೆ. ಅಜ್ಜಿಯೊಬ್ಬಳು ಸೆರಗಿನೊಳಗಿಂದ ಕೈ ತೆಗೆದು ಪುಟ್ಟ ಗಾಜಿನ ಮೇಲೆ ಹೆಬ್ಬೆಟ್ಟು ಇಡುತ್ತಾಳೆ. ಯಂತ್ರ ಒಪ್ಪುವುದಿಲ್ಲ. "ತಗಳ್ತಿಲ್ಲಜ್ಜಿ, ಸೀರಿಗೆ ಒರೆಸ್ಕಂಡು ಇನ್ನೊಮ್ಮೆ ಇಡು." ಒರೆಸಿ ಇಡುತ್ತಾಳೆ, ಮತ್ತೂ ಇಲ್ಲ. ತೋರುಬೆರಳು ಇಡು, ನಡುಬೆರಳು ಇಡು ಎಂಬ ಸರದಿ ಶುರುವಾಗುತ್ತದೆ. ಹಿಂದೆ ನಿಂತವರಲ್ಲಿ ಯಾರೋ ಕೈ ಉಜ್ಜಿಕೋ ಅಂತಾರೆ, ಇನ್ಯಾರೋ ತಲೆಗೂದಲಿಗೆ ಬೆರಳು ತಿಕ್ಕು ಅಂತಾರೆ. ಆಕೆ ಅಂಗೈಗೆ ಬಾಯಿಂದ ಹಬೆ ಊದಿ, ಎರಡೂ ಕೈ ಗಸಗಸ ಉಜ್ಜಿ, ಎಣ್ಣೆ ಹಚ್ಚಿದ ತಲೆಗೆ ಬೆರಳು ತಾಗಿಸಿ ಮತ್ತೆ ಒತ್ತುತ್ತಾಳೆ. ಈ ಸಲ ಬೀಪ್ ಅನ್ನುತ್ತದೆ.

ಇದರಲ್ಲಿ ಪವಾಡವೇನೂ ಇಲ್ಲ. ಬೆರಳಚ್ಚು ಓದುವ ಯಂತ್ರಕ್ಕೆ ಚರ್ಮದ ಗೆರೆಗಳು ಗಾಜಿಗೆ ಚೆನ್ನಾಗಿ ಅಂಟಿಕೊಳ್ಳಬೇಕು. ಅದಕ್ಕೆ ಚೂರು ಪಸೆ ಬೇಕು. ಚಳಿಗೆ ಬೆರಳ ತುದಿಯ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಬೆವರು ನಿಲ್ಲುತ್ತದೆ, ಚರ್ಮ ಒಣಗಿ ಗಡುಸಾಗುತ್ತದೆ. ಮೆಕ್ಕೆಜೋಳದ ತೆನೆ ಸುಲಿದು, ಹತ್ತಿ ಬಿಡಿಸಿ, ಸಿಮೆಂಟು ಕಲಸಿ ಮೊದಲೇ ಗೆರೆ ಸವೆದ ಕೈಗಳಾದರಂತೂ ಯಂತ್ರಕ್ಕೆ ಕಾಣುವುದು ಬರೀ ಬಿಳಿ ಕಲೆ. ಅಜ್ಜಿಯ ಬಿಸಿಯುಸಿರು ಅಲ್ಲಿಗೆ ಶಾಖವನ್ನೂ ಕೊಟ್ಟಿತು, ಪಸೆಯನ್ನೂ ಕೊಟ್ಟಿತು. ಹಾಗಾಗಿ ಕಂಪ್ಯೂಟರಿಗೂ ಬೆಚ್ಚನೆ ಕೈಗೂ ಇರುವ ನಂಟು ನಮ್ಮ ಕಡೆ ಆಫೀಸಿನವರ ಸುಖದ ಪ್ರಶ್ನೆ ಮಾತ್ರ ಅಲ್ಲ, ತಿಂಗಳ ಅಕ್ಕಿಯ ಪ್ರಶ್ನೆಯೂ ಹೌದು.

ಯಂತ್ರದ ಆಚೆ ಬದಿಯಲ್ಲಿ ಕೂತವರ ಪಾಡು ಬೇರೆ. ನಾಡಕಚೇರಿ, ಗ್ರಾಮ ಪಂಚಾಯಿತಿ, ಗ್ರಾಮ ಒನ್ ಕೇಂದ್ರಗಳಲ್ಲಿ ದಿನವಿಡೀ ಕೀಲಿಮಣೆ ಕುಟ್ಟುವ ಆಪರೇಟರುಗಳಿಗೆ ಬೆರಳೇ ಬಂಡವಾಳ. ನುಡಿಯ ಕೀಲಿಮಣೆಯಲ್ಲಿ ಲ ಒತ್ತುವಾಗ ಶಿಫ್ಟ್ ಹಿಡಿದರೆ ಳ ಬರುತ್ತದೆ. ಶಿಫ್ಟ್ ಕೆಲಸ ಕಿರುಬೆರಳಿನದು. ಅದು ಮರಗಟ್ಟಿ ಸರಿಯಾಗಿ ಒತ್ತದೆ ಹೋದರೆ ಹರಪನಹಳ್ಳಿಯು ಹರಪನಹಲ್ಲಿ ಆಗಿಬಿಡುತ್ತದೆ. ಊರ ಹೆಸರಾದರೆ ನಕ್ಕು ಸುಮ್ಮನಾಗಬಹುದು. ಅದೇ ತಪ್ಪು ಪಹಣಿಯಲ್ಲಿ ರೈತನ ಹೆಸರಿಗೆ ಬಿದ್ದರೆ, ಆಧಾರ್‌ನಲ್ಲೊಂದು ಪಹಣಿಯಲ್ಲೊಂದು ಹೆಸರು ಅಂತ ಆತ ತಾಲ್ಲೂಕು ಕಚೇರಿಗೆ ಎಷ್ಟು ಸಲ ಬಸ್ ಹತ್ತಬೇಕಾದೀತು ಎಂಬುದು ಅನುಭವಿಸಿದವರಿಗೇ ಗೊತ್ತು.

ಇಲ್ಲಿಂದ ಬೆಂಗಳೂರಿಗೆ ಹೋದ ಹುಡುಗ ಹುಡುಗಿಯರಿಗೆ ಮಾಗಿಯೇ ಬೇಕಿಲ್ಲ, ವರ್ಷವಿಡೀ ಚಳಿ. ಗಾಜಿನ ಕಟ್ಟಡದ ಕಿಟಕಿ ತೆರೆಯುವುದಿಲ್ಲ, ಏಸಿ ನಿಲ್ಲುವುದಿಲ್ಲ. ರಾತ್ರಿ ಪಾಳಿಯವರು ಮೇ ತಿಂಗಳಲ್ಲೂ ಬ್ಯಾಗಿನಲ್ಲಿ ಸ್ವೆಟರ್ ಇಟ್ಟುಕೊಂಡೇ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದವರು ಕರೆಂಟು, ಸಿಗ್ನಲ್ಲು ಅಂತ ಒದ್ದಾಡಿದರೇನೋ ನಿಜ, ಆದರೆ ಕೈ ಕೊರೆಯುತ್ತದೆ ಎಂಬ ದೂರು ಮಾತ್ರ ಅಷ್ಟು ದಿನ ಮರೆತೇ ಹೋಗಿತ್ತು.

ಏಸಿಯ ಕಥೆ ಶುರುವಾಗಿದ್ದೇ ಮನುಷ್ಯರಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದವರಿಗೆ ಸೆಕೆಗಾಲದ ತೇವ ತಲೆನೋವಾಗಿತ್ತು. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆಂದು ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇವತ್ತಿನ ಏಸಿಯ ಮೂಲ. ಮೊದಲು ಕಾಗದ ಹಿಗ್ಗದಿರಲಿ ಅಂತ ಬಂತು, ಆಮೇಲೆ ಕಂಪ್ಯೂಟರ್ ತಣ್ಣಗಿರಲಿ ಅಂತ ಉಳಿಯಿತು. ನಮ್ಮ ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿದ್ದ ಕಾಲ ನೆನಪಿದ್ದವರಿಗೆ, ಇಡೀ ಕಟ್ಟಡದಲ್ಲಿ ಏಸಿ ಇರುತ್ತಿದ್ದದ್ದು ಆ ಯಂತ್ರದ ಕೋಣೆಗೆ ಮಾತ್ರ ಎಂಬುದೂ ನೆನಪಿರುತ್ತದೆ.

ಮನುಷ್ಯರ ಲೆಕ್ಕ ಹಾಕಿದಾಗಲೂ ಅದು ಅರ್ಧ ಜನರ ಲೆಕ್ಕವೇ ಆಯಿತು. ಕಚೇರಿಗಳಿಗೆ ಎಷ್ಟು ತಂಪು ಬೇಕು ಎಂಬ ಸೂತ್ರ ರೂಪುಗೊಂಡಿದ್ದು 1960ರ ದಶಕದಲ್ಲಿ. ಅದರಲ್ಲಿ ಮಾದರಿಯಾಗಿ ಹಿಡಿದದ್ದು ನಲವತ್ತರ ಆಸುಪಾಸಿನ, 70 ಕಿಲೋ ತೂಕದ ಗಂಡಸಿನ ಮೈಶಾಖವನ್ನು. ನೆದರ್ಲೆಂಡ್ಸ್‌ನ ಬೋರಿಸ್ ಕಿಂಗ್ಮಾ ಮತ್ತು ವೌಟರ್ ವಾನ್ ಮಾರ್ಕನ್ ಲಿಕ್ಟನ್‌ಬೆಲ್ಟ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಎತ್ತಿ ತೋರಿಸಿತು. ಕೂತು ಹಗುರ ಕೆಲಸ ಮಾಡುವ ಹೆಂಗಸರ ಮೈ ಆ ಸೂತ್ರ ಊಹಿಸಿದ್ದಕ್ಕಿಂತ ಸಾಕಷ್ಟು ಕಡಿಮೆ ಶಾಖ ಹುಟ್ಟಿಸುತ್ತದೆ. ಕಚೇರಿಯಲ್ಲಿ ಶಾಲು ಹೊದ್ದು ಕೂತವರು ಹೆಚ್ಚಾಗಿ ಹೆಂಗಸರೇ ಯಾಕೆ ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ.

ತಂಪು ಹೆಚ್ಚಾದರೆ ಕೆಲಸ ಚುರುಕಾಗುತ್ತದೆ ಎಂಬ ನಂಬಿಕೆ ಮ್ಯಾನೇಜರುಗಳಲ್ಲಿ ಬಲವಾಗಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲನ್ ಹೆಜ್ ಎಂಬ ಪ್ರಾಧ್ಯಾಪಕರು 2004ರಲ್ಲಿ ಫ್ಲಾರಿಡಾದ ಒಂದು ವಿಮಾ ಕಚೇರಿಯಲ್ಲಿ ಇದನ್ನು ಪರೀಕ್ಷಿಸಿದರು. ಕೋಣೆಯ ಶಾಖ 20 ಡಿಗ್ರಿಯಿಂದ 25ಕ್ಕೆ ಏರಿದಾಗ ಟೈಪಿಂಗ್ ತಪ್ಪುಗಳು ಶೇ 44ರಷ್ಟು ಇಳಿದವು, ಟೈಪಿಂಗ್ ಪ್ರಮಾಣ ಶೇ 150ರಷ್ಟು ಹೆಚ್ಚಿತು. ಕೆಲವೇ ಮೇಜುಗಳ ಮೇಲೆ ನಡೆದ ಸಣ್ಣ ಪ್ರಯೋಗ ಅದು, ಅಂಕಿಗಳನ್ನು ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ಆದರೆ ಬಿಲ್ಲು ಕಟ್ಟಿ ಚಳಿ ಕೊಂಡು, ಅದೇ ಚಳಿಗೆ ತಪ್ಪು ಮಾಡಿಸಿ, ಆ ತಪ್ಪು ತಿದ್ದಲು ಮತ್ತೆ ಸಂಬಳ ಕೊಡುವ ವ್ಯಾಪಾರ ಲಾಭದ್ದಲ್ಲ ಎಂದು ತಿಳಿಯಲು ಅಷ್ಟು ಸಾಕು.

ಹಾಗಾದರೆ ಮೈಯೆಲ್ಲ ಬಿಟ್ಟು ಕೈಯೇ ಯಾಕೆ ಮೊದಲು ತಣ್ಣಗಾಗುತ್ತದೆ? ತುಂಗಭದ್ರಾ ಕಾಲುವೆಯ ಕೊನೇ ಭಾಗದ ರೈತನ ಗತಿ ನೆನಪಿಸಿಕೊಳ್ಳಿ. ನೀರು ಕಡಿಮೆಯಾದಾಗ ಮೊದಲು ಒಣಗುವುದು ಅವನ ಹೊಲ. ಮೈಯ ಲೆಕ್ಕಾಚಾರವೂ ಅಷ್ಟೇ. ಎದೆ, ಹೊಟ್ಟೆ, ಮಿದುಳಿಗೆ ಶಾಖ ಸಾಲದು ಎನಿಸಿದ ಕೂಡಲೇ ಮೈ ಬೆರಳುಗಳ ರಕ್ತನಾಳ ಬಿಗಿದು ಅಲ್ಲಿನ ಹರಿವನ್ನು ಕಡಿಮೆ ಮಾಡುತ್ತದೆ. ಬೆರಳು ಸಣ್ಣದು, ಸುತ್ತಲೂ ಗಾಳಿಗೆ ತೆರೆದದ್ದು, ಬೇಗ ತಣಿಯುತ್ತದೆ. ಕೈಯ ಚರ್ಮದ ಶಾಖ 20 ಡಿಗ್ರಿಗಿಂತ ಕೆಳಗೆ ಹೋಗುತ್ತಿದ್ದಂತೆ ಬೆರಳ ಚಳಕ ಕುಂದತೊಡಗುತ್ತದೆ, ಕೀಲುಗಳೊಳಗಿನ ಜಿಡ್ಡು ಮಂದವಾಗುತ್ತದೆ, ನರಗಳ ಸುದ್ದಿ ನಿಧಾನವಾಗುತ್ತದೆ.

ಹಾಗಾಗಿ ಬೆರಳಿಗೆ ಮಾತ್ರ ಉಪಚಾರ ಮಾಡಿದರೆ ಹೆಚ್ಚು ಪ್ರಯೋಜನವಿಲ್ಲ. ಎದೆ ಬೆನ್ನು ಬೆಚ್ಚಗಾದರೆ ಮೈ ತಾನೇ ಕೈಗೆ ರಕ್ತ ಬಿಡುತ್ತದೆ. ಕೈಗವಸಿಗಿಂತ ಮೊದಲು ಬೇಕಾದ್ದು ತೋಳಿಲ್ಲದ ಸ್ವೆಟರ್, ಕತ್ತಿಗೊಂದು ಮಫ್ಲರ್, ಕಾಲಿಗೆ ಸಾಕ್ಸ್.

ಇನ್ನೊಂದು ಸಂಗತಿ ಇದೆ, ಈಗಲೇ ಪರೀಕ್ಷಿಸಬಹುದು. ಎಡಗೈಯಿಂದ ಬಲಗೈಯ ಮೊಣಕೈ ಕೆಳಗಿನ ದಪ್ಪ ಭಾಗ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಟೈಪ್ ಮಾಡುವಂತೆ ಆಡಿಸಿ. ಅಂಗೈ ಕೆಳಗೆ ಮಾಂಸಖಂಡಗಳು ಓಡಾಡುವುದು ಗೊತ್ತಾಗುತ್ತದೆ. ಬೆರಳಿನೊಳಗೆ ಸ್ನಾಯುವೇ ಇಲ್ಲ. ಅದನ್ನು ಮಡಿಸಿ ಬಿಚ್ಚುವ ಸ್ನಾಯುಗಳಲ್ಲಿ ಹೆಚ್ಚಿನವು ಮುಂಗೈಯಲ್ಲಿವೆ, ಅಲ್ಲಿಂದ ಹುರಿಗಳು ಬೆರಳಿನ ತನಕ ಬಂದಿವೆ. ನಾಡಿ ಹಿಡಿದು ನೋಡುವ ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮಕ್ಕೆ ತೀರಾ ಹತ್ತಿರ ಹರಿಯುತ್ತದೆ. ಹಾಗಾಗಿ ಮೊಣಕೈಯಿಂದ ಅಂಗೈ ತನಕ ಮುಚ್ಚುವ, ಬೆರಳು ಬಿಟ್ಟಿರುವ ಒಂದು ತೋಳುಚೀಲ ಇದ್ದರೆ ಕೆಲಸವೂ ನಡೆಯುತ್ತದೆ, ಕೈಯೂ ಬೆಚ್ಚಗಿರುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಯುಎಸ್‌ಬಿ ತಂತಿಯ ಬಿಸಿ ಗ್ಲೌಸು, ಬಿಸಿ ಮೌಸು ಸಿಗುತ್ತವೆ. ಕೊಳ್ಳುವವರು ಕೊಳ್ಳಲಿ. ಸವೆದ ಸ್ವೆಟರಿನ ತೋಳು ಕತ್ತರಿಸಿ ಹೆಬ್ಬೆರಳಿಗೊಂದು ತೂತು ಬಿಟ್ಟರೆ ಖರ್ಚಿಲ್ಲದೆ ಅದೇ ಕೆಲಸ ಆಗುತ್ತದೆ.

ಮೇಜನ್ನು ಯಾರೂ ಅನುಮಾನಿಸುವುದಿಲ್ಲ. ಗ್ರಾನೈಟ್ ಇಲ್ಲವೇ ಕಡಪ ಕಲ್ಲು ಹಾಸಿದ ಕೌಂಟರು, ಗಾಜು ಹೊದಿಸಿದ ಟೇಬಲ್ಲು, ಲೋಹದ ಮೈಯ ಲ್ಯಾಪ್‌ಟಾಪು ಮೂರೂ ಗಾಳಿಗಿಂತ ಎಷ್ಟೋ ಬೇಗ ಶಾಖ ಎಳೆದುಕೊಳ್ಳುತ್ತವೆ. ಮಣಿಕಟ್ಟು ಇಡೀ ದಿನ ಅದರ ಮೇಲೆಯೇ ಒರಗಿರುತ್ತದೆ. ಅಲ್ಲಿ ಒಂದು ತುಂಡು ಕಂಬಳಿ ಮಡಿಸಿ ಹಾಸಿದರೆ ಅರ್ಧ ತೊಂದರೆ ಪರಿಹಾರವಾಯಿತು.

ಕಂಬಳಿಗೆ ನಮ್ಮ ಕಡೆ ಬರವಿಲ್ಲ, ಅಂದರೆ ಮೊನ್ನೆ ಮೊನ್ನೆಯವರೆಗೆ ಇರಲಿಲ್ಲ. ಮೈಲಾರದ ಜಾತ್ರೆಯ ಗೊರವಯ್ಯಗಳ ಮೈಮೇಲಿನ ಕರಿ ಕಂಬಳಿ ಕಾಣದವರು ಹಡಗಲಿ ಸೀಮೆಯಲ್ಲಿ ಇಲ್ಲ. ಹೊಲಗಳಲ್ಲಿ ಕುರಿ ನಿಲ್ಲಿಸಿ ಬಯಲಲ್ಲೇ ರಾತ್ರಿ ಕಳೆಯುವ ಕುರಿಗಾಹಿಗೆ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ ಎಲ್ಲವೂ ಅದೇ. ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿಗೆ ಹೆಸರಾದ ಊರುಗಳು. ಡೆಕ್ಕನಿ ಕುರಿಯ ಒರಟು ಉಣ್ಣೆಯನ್ನು ಕೈಯಲ್ಲಿ ನೂತು, ಹಾಸು ಎಳೆಗಳಿಗೆ ಹುಣಸೆಬೀಜದ ಸರಿ ಹಚ್ಚಿ ಬಿಗಿ ಮಾಡಿ, ಗುಣಿ ಮಗ್ಗದಲ್ಲಿ ನೇಯುತ್ತಾರೆ. ಹೊಸತರಲ್ಲಿ ಮುಟ್ಟಿದರೆ ತೆಂಗಿನ ನಾರಿನಷ್ಟು ಚುಚ್ಚುತ್ತದೆ, ಬಳಸಿದಂತೆ ಹದಕ್ಕೆ ಬರುತ್ತದೆ. ಸುರುಳಿ ಸುರುಳಿಯಾದ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಶಾಖ ಹೊರಗೆ ಹೋಗುವುದಿಲ್ಲ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಕೈಗೆ ಒದ್ದೆ ಎನಿಸುವುದಿಲ್ಲ. ಈಗ ಬಣ್ಣಬಣ್ಣದ ಮಿಲ್ ರಗ್ಗು ಅಗ್ಗಕ್ಕೆ ಬಂದು ಕಂಬಳಿ ಕೊಳ್ಳುವವರು ಕಡಿಮೆಯಾಗಿದ್ದಾರೆ. ಮೇಜಿನಷ್ಟಗಲದ ಕಂಬಳಿ ತುಂಡುಗಳನ್ನು ಸೊಗಸಾಗಿ ಅಂಚು ಹೊಲಿದು ಬೆಂಗಳೂರಿನ ಕಚೇರಿಗಳಿಗೆ ಮಾರುವ ಯೋಚನೆ ಯಾರಾದರೂ ಮಾಡಿದರೆ ನೇಕಾರರಿಗೂ ನಾಲ್ಕು ಕಾಸು ಸಿಕ್ಕೀತು.

ಕೈ ತಣ್ಣಗಾಗಲು ಮೈ ಆಡಿಸದೆ ಕೂರುವುದು ಇನ್ನೊಂದು ಕಾರಣ. ಅದೇ ಮಾಗಿಯ ಬೆಳಗ್ಗೆ ಹೊಲದಲ್ಲಿ ಜೋಳ ಕೊಯ್ಯುವವರ ಕೈ ಅರ್ಧ ತಾಸಿನೊಳಗೆ ಬಿಸಿಯೇರುತ್ತದೆ, ಕೂತ ಆಪರೇಟರಿನದು ಏರುವುದಿಲ್ಲ. ದುಡಿಯುವ ಸ್ನಾಯುವೇ ಮೈಯ ಒಲೆ. ಅರ್ಧ ತಾಸಿಗೊಮ್ಮೆ ಎದ್ದು, ತೋಳನ್ನು ಭುಜದಿಂದ ದೊಡ್ಡದಾಗಿ ಬೀಸಿದರೆ ರಕ್ತ ಬೆರಳ ತುದಿ ಮುಟ್ಟುತ್ತದೆ. ಬೀಡಿ ಸಿಗರೇಟು ಸೇದಿ ಬೆಚ್ಚಗಾಗುತ್ತೇನೆ ಎನ್ನುವವರಿಗೆ ಒಂದು ಮಾತು: ನಿಕೋಟಿನ್ ಬೆರಳಿನ ರಕ್ತನಾಳವನ್ನು ಇನ್ನಷ್ಟು ಬಿಗಿಯುತ್ತದೆ. ಚಹಾ ಲೋಟ ಎರಡೂ ಕೈಯಲ್ಲಿ ಹಿಡಿದುಕೊಳ್ಳಲು ಒಳ್ಳೆಯದೇ, ಊಟದ ಜತೆಗೆ ಮಾತ್ರ ಬೇಡ, ಅನ್ನದಲ್ಲಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ.

ಕಬ್ಬಿಣಾಂಶದ ಮಾತು ಸುಮ್ಮನೆ ಬಂದದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಯಾವ ಕಾಲದಲ್ಲೂ ಕೈಕಾಲು ತಣ್ಣಗೆ ಎನ್ನುವವರು ಮೊದಲು ರಕ್ತ, ಆಮೇಲೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಚಳಿಗೆ ಬೆರಳು ಇದ್ದಕ್ಕಿದ್ದಂತೆ ಸುಣ್ಣದಂತೆ ಬಿಳಿಚಿ, ನೀಲಿಗಟ್ಟಿ, ಮತ್ತೆ ಕೆಂಪಾಗಿ ಉರಿಯುವುದುಂಟು. ಫ್ರಾನ್ಸಿನ ವೈದ್ಯ ಮೋರಿಸ್ ರೇನೊ 1862ರಲ್ಲಿ ವಿವರಿಸಿದ ಈ ತೊಂದರೆಗೆ ಅವನದೇ ಹೆಸರಿದೆ, ಹೆಂಗಸರಲ್ಲಿ ಹೆಚ್ಚು. ಅಂಥವರು ಮನೆಮದ್ದು ಬಿಟ್ಟು ವೈದ್ಯರನ್ನು ಕಾಣಲಿ, ಹತ್ತಿರದಲ್ಲೇ ಚಿಗಟೇರಿಯ ಹೆಸರು ಹೊತ್ತ ದಾವಣಗೆರೆಯ ಜಿಲ್ಲಾ ಆಸ್ಪತ್ರೆಯೇ ಇದೆ. ಸಕ್ಕರೆ ಕಾಯಿಲೆಯಿಂದ ಕೈಯ ಸ್ಪರ್ಶ ಮಂದವಾದವರು ಬಿಸಿನೀರಿನ ಚೀಲ ಹಿಡಿಯುವಾಗ ಜೋಪಾನ, ಸುಟ್ಟದ್ದು ತಡವಾಗಿ ತಿಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಕೂರುವ ಸಾಹಸವಂತೂ ಬೇಡವೇ ಬೇಡ. ಕೆಂಡದಿಂದ ಹೊಮ್ಮುವ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಮಲಗಿದವರನ್ನು ಏಳಲು ಬಿಡುವುದಿಲ್ಲ.

ಏಸಿಯ ರಿಮೋಟು ಯಾರ ಕೈಯಲ್ಲಿದೆಯೋ ಅವರಿಗೆ ಒಂದು ಮಾತು. 2020ರ ಜನವರಿಯಿಂದ ದೇಶದಲ್ಲಿ ಮಾರಾಟವಾಗುವ ಸ್ಟಾರ್ ಗುರುತಿನ ಕೋಣೆ ಏಸಿಗಳು ಹೊತ್ತಿಸಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮ ಇದೆ. ಅದನ್ನು ಹದಿನೆಂಟಕ್ಕೆ ಇಳಿಸುವವರು ನಾವೇ.

ಇನ್ನು ಊರಿನ ಕೌಂಟರುಗಳಲ್ಲಿ ಕೂತವರಲ್ಲಿ ಒಂದು ವಿನಂತಿ. ಚಳಿಗಾಲ ಮುಗಿಯುವ ತನಕ ಯಂತ್ರದ ಪಕ್ಕ ಒಂದು ಒದ್ದೆ ಬಟ್ಟೆ, ಒಂದು ಪುಟ್ಟ ಕೊಬ್ಬರಿ ಎಣ್ಣೆ ಡಬ್ಬಿ ಇರಲಿ. ಕೈ ಉಜ್ಜಿಕೊಳ್ಳಲು ವಯಸ್ಸಾದವರಿಗೆ ಎರಡು ನಿಮಿಷ ಕೊಡಿ. ಬೆರಳು ಬರದಿದ್ದರೆ ಆಧಾರ್‌ನಲ್ಲಿ ಕಣ್ಣಿನ ಪಾಪೆ, ಮುಖ, ಮೊಬೈಲ್ ಒಟಿಪಿ ಎಂಬ ಬೇರೆ ದಾರಿಗಳೂ ಇವೆ. ನಿಮ್ಮಲ್ಲಿ ಯಾವುದಿದೆಯೋ ಅದನ್ನು ಬಳಸಿ. ಹೆಬ್ಬೆಟ್ಟು ತಣ್ಣಗಿದೆ ಎಂಬ ಕಾರಣಕ್ಕೆ ಯಾರನ್ನೂ ಖಾಲಿ ಚೀಲದೊಂದಿಗೆ ವಾಪಸ್ ಕಳಿಸಬೇಡಿ.